ಕೆಂಪು ಮೀನಿನ ತೇಪೆ

ಕೋಬೆ, ಜಪಾನ್
ಪ್ರೀತಿಯ ಅತ್ತೆಯವರಿಗೆ ಚಿಜುರು ಮಾಡುವ ನಮಸ್ಕಾರಗಳು.

ಹೋದ ಸಲ ಶಿಯಾನ್‌ನಿಂದ ಬಂದಾಗ ನೀವು ನಮ್ಮ ಬಿಳಿ ಕಾಗದದ ಬಾಗಿಲುಗಳನ್ನು ನೋಡಿ, "ಏನಮ್ಮಾ ಇದು, ಸಾವಾದ ಮನೆ ಥರ ಇದೆಯಲ್ಲ!" ಅಂದಿರಿ. ನಿಮ್ಮ ಚೀನಾದಲ್ಲಿ ಬಿಳಿ ಸಾವಿನ ಬಣ್ಣವಲ್ಲವೇ, ಕೆಂಪು ಶುಭದ್ದು. ಕಿಟಕಿಗೆ ಅಂಟಿಸಲೆಂದು ನೀವೇ ಕತ್ತರಿಸಿ ತಂದಿದ್ದ ಕೆಂಪು ಕಾಗದದ ಮೀನುಗಳನ್ನು ನಾನು ಚೆನ್ನಾಗಿವೆ ಎಂದು ಹೇಳಿ ಬೀರುವಿನೊಳಗಿಟ್ಟೆ. ಅದನ್ನು ನೀವು ನೋಡಿದಿರಿ.

ಈಗ ನಿಮ್ಮ ಮೊಮ್ಮಗಳು ಬಾಗಿಲು ಹಿಡಿದು ನಿಲ್ಲುತ್ತಾಳೆ. ಚೀಪಿದ ಬೆರಳನ್ನು ಹಾಗೇ ಕಾಗದಕ್ಕೆ ಚುಚ್ಚುತ್ತಾಳೆ. ತೂತಾದ ಕಡೆ ಹೂವಿನಂತೆ ಕತ್ತರಿಸಿದ ಬಿಳಿ ತೇಪೆ ಹಚ್ಚುವುದು ನಮ್ಮಮ್ಮನಿಂದ ಕಲಿತ ರೂಢಿ. ಬಿಳಿ ಕಾಗದ ಮುಗಿದ ದಿನ ನಿಮ್ಮ ಮೀನುಗಳನ್ನೇ ಅಂಟಿಸಿದೆ. ಬೆಳಗಿನ ಬಿಸಿಲಿಗೆ ಚಾಪೆಯ ಮೇಲೆ ಕೆಂಪು ಮೀನು ಮೂಡುತ್ತದೆ. ಅದನ್ನು ಹಿಡಿಯಲು ಅವಳು ಅಂಬೆಗಾಲಿಕ್ಕಿ ಓಡುತ್ತಾಳೆ. "ಕೊನೆಗೂ ನಮ್ಮಮ್ಮಾನೇ ಗೆದ್ಲು ಕಣೇ" ಎಂದು ನಿಮ್ಮ ಮಗ ನಗುತ್ತಾರೆ.

ಮೀನುಗಳೂ ಮುಗಿದವು. ಅಂಚೆಯಲ್ಲಿ ಕಳಿಸಬೇಡಿ, ಕತ್ತರಿಯೊಂದಿಗೆ ನೀವೇ ಬನ್ನಿ. ಒಂದು ಬಾಗಿಲು ಇನ್ನೂ ಪೂರ್ತಿ ಬಿಳಿಯಾಗಿ ಉಳಿದಿದೆ. ಮಗುವನ್ನು ಅದರ ಮುಂದೆಯೇ ಕೂರಿಸಿದ್ದೇನೆ.

ನಿಮ್ಮ ಸೊಸೆ,
ಚಿಜುರು