ನಾಲ್ಕಲ್ಲ, ಎಂಟು

ದೊಡ್ಡೇರಿ, ಮಧುಗಿರಿ ತಾಲ್ಲೂಕು
ಭಾವ ಸಂವತ್ಸರ, ಕಾರ್ತಿಕ ಬಹುಳ, ಸೋಮವಾರ
ಇಸವಿ ೧೯೩೪

ಪ್ರೀತಿಯ ಮೊಮ್ಮಗ ಶಂಕರಲಿಂಗನಿಗೆ,

ಮಲ್ಲೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ. ಮೈಸೂರಿನ ಚಳಿಗೆ ನಿನ್ನ ಎದೆ ಹೇಗಿದೆ? ಊದುವ ಕೆಲಸದವನು ಕೆಮ್ಮು ಹತ್ತಿಸಿಕೊಂಡರೆ ಬ್ಯಾಂಡಿನವರು ಕೈಗೆ ಕಸಪೊರಕೆ ಕೊಡುತ್ತಾರೆ, ನೆನಪಿರಲಿ. ಮೆಣಸಿನ ಕಷಾಯ ಕುಡಿ. ನನ್ನ ಮಂಡಿ ಹೋದ ವರ್ಷದಂತೆಯೇ ಇದೆ, ನಾಲಿಗೆಯೂ ಹಾಗೇ ಇದೆ. ನಿನ್ನ ತಾಯಿ ಸರೋಜ ಕ್ಷೇಮ. ಈ ಕಾಗದದಲ್ಲಿ ಬರೆಯುವುದನ್ನು ಅವಳಿಗಿನ್ನೂ ಹೇಳಿಲ್ಲ. ಹೇಳಬೇಕೋ ಬೇಡವೋ ನೀನೇ ಓದಿ ತಿಳಿಸು.

ದಸರೆ ಮುಗಿದ ಮೇಲೆ ನೀನು ಒಂದು ಮಾತು ಕೇಳಿದ್ದೆ. ನಿಮ್ಮ ಬ್ಯಾಂಡಿನ ಕೋಣೆಯಲ್ಲಿರುವ ಸುರುಳಿ ಕೊಂಬುಗಳಿಗೆಲ್ಲ ಒಂದೊಂದು ಸಂಖ್ಯೆ ಕೊರೆದಿರುತ್ತದಂತೆ, ಸಂಖ್ಯೆ ಬೆಳೆದಷ್ಟೂ ಕೊಂಬು ಎಳೆಯದಂತೆ. ಅದೇ ಬ್ಯಾಂಡಿನಲ್ಲಿದ್ದ ನಿನ್ನಪ್ಪನ ಕಾಲದಲ್ಲಿ ದೊರೆಗಳ ಸೀಮೆಯಿಂದ ಬಂದವೆಲ್ಲ ನಾಲ್ಕು ಸಾವಿರದವು, ನೀನು ಸೇರುವುದಕ್ಕೆ ಸ್ವಲ್ಪ ಮುಂಚೆ ಬಂದವೆಲ್ಲ ಎಂಟು ಸಾವಿರದವು. ನಮ್ಮ ಮನೆಯ ಗೂಟದಲ್ಲಿರುವ ಕೊಂಬಿನ ಮೊದಲ ಅಂಕಿ ನೋಡಿ ಬರಿ ಅಜ್ಜಿ, ಶಿವರಾತ್ರಿಗೆ ಬಂದು ಒಯ್ದು ಅಪ್ಪನ ಕೊಂಬನ್ನೇ ಊದುತ್ತೇನೆ ಎಂದಿದ್ದೆ. ಫ್ರೆಂಚ್ ಹಾರ್ನ್ ಎಂದು ಅದಕ್ಕೊಂದು ಹೆಸರು ಬೇರೆ. ನಾನು ಕನ್ನಡಕ ಏರಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ನೋಡಿ, ನಾಲ್ಕು ಎಂದು ಬರೆದು ಹಾಕಿದೆ. ನೀನೂ ಸಂತೋಷಪಟ್ಟೆ.

ಮೊನ್ನೆ ನನ್ನ ಹಳೆಯ ಗೆಳತಿ ಶರ್ಫುನ್ನೀಸಾ ಸಿರಾದಿಂದ ಬಂದಿದ್ದಳು. ಗಂಡನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದೂ ಹಿಡಿದೂ ಅವಳಿಗೆ ಇಂಗ್ಲಿಷ್ ಅಂಕಿ ಬರುತ್ತದೆ. ಈ ಊರಿನ ತನ್ನ ಮಗಳ ಮನೆಗೆ ಬಂದವಳು ನನ್ನ ಬೈಗುಳ ಕೇಳದೆ ಹೋದರೆ ಅವಳಿಗೆ ಊಟ ಸೇರದು. ಮೊಮ್ಮಗನ ಜಂಬ ಹೇಳುತ್ತ ಕೊಂಬು ತೋರಿಸಿದೆ. ಅವಳು ಬೆರಳಿಟ್ಟು ನಕ್ಕಳು. "ಯಾವ ಇಸ್ಕೂಲ್ ಚನ್ನಮಲ್ಲಮ್ಮ ನಿಂದು? ನಾಲ್ಕಲ್ಲ ಕಣಮ್ಮ, ಎಂಟು. ಇಂಗ್ಲಿಷಲ್ಲಿ ನಾಲ್ಕು ಅಂದ್ರೆ ಕಾಲು ಮೇಲೆ ಮಾಡ್ಕಂಡು ಬಿದ್ದಿರೋ ಕುರ್ಚಿ. ಇದು ಒಂದರ ಮೇಲೊಂದು ಇಟ್ಟ ಬಳೆ." ಕೂಲಿಮಠದ ಅಯ್ಯ ನನಗೆ ಮರಳಿನ ಮೇಲೆ ತಿದ್ದಿಸಿದ್ದು ಕನ್ನಡದ ೪. ಅದು ಮೇಲೆ ಬಾಯಿ ಬಿಟ್ಟಿರುತ್ತದೆ, ಇದರ ಬಾಯಿ ಮುಚ್ಚಿತ್ತು. ಹುಣಸೆಹಣ್ಣಿನ ಜಿಡ್ಡು ಕೂತು ಮುಚ್ಚಿದೆ ಎಂದುಕೊಂಡೆನಪ್ಪ. ನನ್ನ ಕಣ್ಣನ್ನು ಬೈಯಬೇಡ, ಎಂಟನ್ನು ನಾಲ್ಕಿನ ಹಾಗೆ ಬರೆಯುವ ಆ ದೊರೆಗಳನ್ನು ಬೈ.

ಅವಳು ನಗುತ್ತಲೇ ಹೋದಳು. ನಾನು ಕೂತು ವರ್ಷದ ಲೆಕ್ಕ ಹಾಕಿದೆ. ನಿನ್ನಪ್ಪ ವೃಷಭೇಂದ್ರ ಮೈಸೂರಿನಲ್ಲಿ ಜ್ವರ ಬಂದು ತೀರಿಕೊಂಡದ್ದು ಇನ್‌ಫ್ಲುಯೆಂಜಾ ವರ್ಷ. ಆಗ ಯಾರ ಹೆಣವನ್ನು ಯಾರು ಮಣ್ಣು ಮಾಡಿದರೋ. ನಮಗೆ ಅವನ ಹೆಣ ಬರಲಿಲ್ಲ, ಕೊಂಬು ಬಂತು. ಅಂದು ಗೂಟಕ್ಕೆ ಹಾಕಿದ್ದು ಇಂದಿಗೂ ಅಲ್ಲೇ ಇದೆ. ಅವನು ಸತ್ತು ಎಷ್ಟೋ ವರ್ಷದ ಮೇಲೆ ಸೀಮೆಯಲ್ಲಿ ಹುಟ್ಟಿದ ಕೊಂಬು ನಮ್ಮ ಗೋಡೆಗೆ ಹೇಗೆ ಬಂತು?

ಆಮೇಲೆ ಒಂದೊಂದೇ ನೆನಪಾಯಿತು. ಒರೆಸಲೆಂದು ಇಳಿಸಿಟ್ಟಿದ್ದಾಗ ನೀನು ಅಂಬೆಗಾಲಲ್ಲಿ ಹೋಗಿ ಕೊಂಬನ್ನು ಜಗಲಿಯಿಂದ ಉರುಳಿಸಿದ್ದೆ, ಅದರ ಅಗಲ ಬಾಯಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಹೋದ ಕಾರ್ತಿಕದಲ್ಲಿ ನಿನ್ನ ತಾಯಿ ಅದನ್ನು ಒರೆಸುತ್ತ "ಅತ್ತೆ, ತಗ್ಗು ಕಾಣ್ತಿಲ್ಲ" ಎಂದಳು. ನಿನ್ನ ಕಣ್ಣಲ್ಲೇ ತಗ್ಗು ಬಿದ್ದೈತೆ ಹೋಗೇ ಎಂದು ಬಾಯಿ ಮುಚ್ಚಿಸಿದೆ. ಮೊದಲೆಲ್ಲ ಗಾಳಿ ಬೀಸಿದರೆ ಕೊಂಬು ಗುಂಯ್ ಎನ್ನುತ್ತಿತ್ತು, ಆಗಿನಿಂದ ಅದೂ ಇಲ್ಲ. ಅವಳು ಹಾಗೆ ಹೇಳಿದ್ದಕ್ಕೆ ಹಿಂದಿನ ದಿನವೇ ನಾವಿಬ್ಬರೂ ಮನೆಗೆ ಬೀಗ ಹಾಕಿ ಮಧುಗಿರಿಗೆ ಮಲ್ಲೇಶ್ವರನ ದೀಪಕ್ಕೆ ಹೋಗಿದ್ದೆವು. ತಿರುಗಿ ಬಂದಾಗ ಬೀಗ ಹಾಕಿದಂತೆಯೇ ಇತ್ತು, ಬುಟ್ಟಿಯಲ್ಲಿ ಮುಚ್ಚಿಟ್ಟ ರೊಟ್ಟಿ ಇರಲಿಲ್ಲ. ಬೆಕ್ಕಿಗೆ ಶಾಪ ಹಾಕಿದೆ. ಆದರೆ ತಟ್ಟೆ ತೊಳೆದು ಗೋಡೆಗೆ ಬೋರಲಾಗಿ ಒರಗಿಸಿತ್ತು. ತಟ್ಟೆ ತೊಳೆದ ನೀರು ಕುಡಿದು ಹಾಗೆ ಒರಗಿಸಿಡುತ್ತಿದ್ದವನು ಈ ಮನೆಯಲ್ಲಿ ಒಬ್ಬನೇ. ಬೆಕ್ಕಿಗೆ ಅಷ್ಟು ಆಚಾರ ಯಾರು ಕಲಿಸಿದರು?

ಬದುಕಿದ್ದಾನೆಂದರೆ ತಾಯಿಯ ಮುಖ ನೋಡದೆ ಕೊಂಬು ಬದಲಿಸಿ ಹೋಗುವಂಥದ್ದು ಏನಾಗಿತ್ತು? ಇಲ್ಲವೆಂದರೆ ರೊಟ್ಟಿ ತಿಂದದ್ದು ಯಾರು? ನಿನ್ನ ತಾಯಿ ಇಷ್ಟು ವರ್ಷ ಬಳೆಯಿಲ್ಲದ ಕೈಯಲ್ಲಿ ಆ ಕೊಂಬನ್ನು ಒರೆಸಿದ್ದಾಳೆ. ಅವಳಿಗೆ ಏನೆಂದು ಹೇಳಲಿ? ಹೇಳಿ ಅದು ಸುಳ್ಳಾದರೆ ಅವಳು ಎರಡನೆಯ ಸಲ ಗಂಡನನ್ನು ಕಳೆದುಕೊಳ್ಳುತ್ತಾಳೆ. ಹಾಗಾಗಿ ಕೊಂಬಿಗೆ ಪಂಚೆ ಸುತ್ತಿ, ಗಂಟು ಹಾಕಿ, ಗೂಟದಲ್ಲೇ ಬಿಟ್ಟಿದ್ದೇನೆ. ಅದನ್ನು ಒಯ್ಯುವ ಯೋಚನೆ ಸದ್ಯಕ್ಕೆ ಬೇಡ.

ನಿನ್ನ ವಾದ್ಯದ ಗುರುಗಳಿಗೆ ನನ್ನ ಶರಣು ಹೇಳು. ಹೊತ್ತಿಗೆ ಉಣ್ಣು, ಲಿಂಗಪೂಜೆ ತಪ್ಪಿಸಬೇಡ. ನೂರು ಕಾಲ ಬಾಳು.

ನಿನ್ನ ಅಜ್ಜಿ,
ಚನ್ನಮಲ್ಲಮ್ಮ

ತಾಜಾ ಕಲಂ: ಕಾಗದ ಮಡಿಸುವಷ್ಟರಲ್ಲಿ ನಿನ್ನ ತಾಯಿ ಒಳಗಿನಿಂದ "ಅತ್ತೆ, ತಗ್ಗು ತಿರುಗಾ ಬಂದೈತೆ" ಎಂದಳು. ಹೋಗಿ ನೋಡಿದೆ. ಪಂಚೆ ಮಡಿಸಿ ಗೂಟದ ಕೆಳಗಿಟ್ಟಿತ್ತು. ಗಂಟು ತಾನು ಬಿಚ್ಚಲಿಲ್ಲ ಎನ್ನುತ್ತಾಳೆ. ಕೊಂಬಿನ ಬಾಯಲ್ಲಿ ತಗ್ಗಿದೆ, ನನ್ನ ಹೆಬ್ಬೆರಳು ಸರಿಯಾಗಿ ಕೂತಿತು. ಅಂಕಿಯೂ ನೋಡಿದೆ. ಕಾಲು ಮೇಲಾದ ಕುರ್ಚಿ. ಊದುವ ತುದಿ ಒದ್ದೆಯಾಗಿದೆ. ನಮ್ಮ ಮನೆಗೆ ಇರುವುದು ಒಂದೇ ಬಾಗಿಲು, ಬೆಳಗಿನಿಂದ ಅದರ ಮುಂದೆಯೇ ಕೂತು ನಾನು ಇದನ್ನು ಬರೆದದ್ದು. ನನ್ನನ್ನು ದಾಟಿ ಯಾರೂ ಒಳಗೆ ಹೋಗಲಿಲ್ಲ. ಮನೆಯಲ್ಲಿ ಉಣ್ಣುವವರು ನಾವಿಬ್ಬರೇ, ನಿನ್ನ ತಾಯಿ ಅಡುಗೆಮನೆಯಲ್ಲಿ ಕೂತು ಮೂರನೆಯ ಮುದ್ದೆ ಕಟ್ಟುತ್ತಿದ್ದಾಳೆ. ನಾನೂ ಮೂರನೆಯ ತಟ್ಟೆ ತೆಗೆದಿಟ್ಟೆ ಮಗು. ಶಿವರಾತ್ರಿಯವರೆಗೆ ಕಾಯಬೇಡ, ಬಾ.