ಅಡ್ಜಸ್ಟ್ ಆಗಬೇಕಾದದ್ದು ಫ್ರೇಮು

ಬುಧವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಅಮ್ಮ,

ಎಲ್ಲರೂ ಕ್ಷೇಮ ಎಂದು ಮೊದಲ ಸಾಲು ಬರೆದು ರೂಢಿ. ಈ ಸಲ ಪೆನ್ನು ಅಲ್ಲೇ ನಿಂತಿತು. ನಾನು ಚೆನ್ನಾಗಿದ್ದೇನೆ. ತಂಗಿ ಗುಬ್ಬಿ ನನ್ನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಇಂದಿಗೆ ಒಂಬತ್ತು ದಿನವಾಯಿತು.

ನಿನ್ನ ಕಾಗದ ನಿನ್ನೆ ಬಂತು. ಶನಿವಾರದೊಳಗೆ ಗುಬ್ಬಿಯನ್ನು ನಿನ್ನ ಮನೆಗೆ ಕಳಿಸಬೇಕು, ಭಾನುವಾರ ಅಳಿಯಂದಿರು ಬಂದು ಕರೆದುಕೊಂಡು ಹೋಗುತ್ತಾರೆ, ನಾಲ್ಕು ಜನ ಆಡಿಕೊಳ್ಳುವ ಮೊದಲು ಎಲ್ಲ ಮುಗಿಯಬೇಕು ಎಂದು ಬರೆದಿದ್ದೀಯ. ಕುಡಿಯುವುದಿಲ್ಲ, ಸೇದುವುದಿಲ್ಲ, ಚಿತ್ರಕಲೆಯ ಮೇಷ್ಟ್ರು, ಕೈ ಸ್ವಲ್ಪ ಮುಂದು ಅಷ್ಟೇ ಎಂದೂ ಬರೆದಿದ್ದೀಯ. ಒಂದೂವರೆ ಪುಟದಲ್ಲಿ ‘ಅಡ್ಜಸ್ಟ್’ ಆರು ಸಲ ಬಂದಿದೆ. ಇಂಗ್ಲಿಷ್ ಎಂದರೆ ಮಾರು ದೂರ ಓಡುವವಳು ನೀನು, ಈ ಒಂದನ್ನು ಮಾತ್ರ ಗಂಟು ಕಟ್ಟಿ ಇಟ್ಟುಕೊಂಡಿದ್ದೀಯ.

ಆ ಮಾತಿನ ಮೇಲೆ ನನಗೇನೂ ಹಗೆ ಇರಲಿಲ್ಲ. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವಳು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಎಂದರೆ ಮೂವರೂ ಸರಿಯುತ್ತಾರೆ, ಎಲ್ಲರಿಗೂ ಒಂದಿಷ್ಟು ಜಾಗ ಸಿಗುತ್ತದೆ. ನಮ್ಮ ಮನೆಯಲ್ಲಿ ಅದೇ ಮಾತು ಬಂದರೆ ಸರಿಯಬೇಕಾದವರು ಯಾರೆಂದು ಮೊದಲೇ ಗೊತ್ತಿರುತ್ತಿತ್ತು. ಅಣ್ಣನಿಗೆ ಓದುವ ಕೋಣೆ ಬೇಕಾದಾಗ ನಾವಿಬ್ಬರೂ ಅಡುಗೆಮನೆಯಲ್ಲಿ ಅಡ್ಜಸ್ಟ್ ಆದೆವು. ನನ್ನ ಮದುವೆ ಮುರಿದಾಗ ನೀನು ಎರಡು ವರ್ಷ ಮಾತು ಬಿಟ್ಟೆ, ಅದಕ್ಕೂ ನಾನೇ ಅಡ್ಜಸ್ಟ್ ಆಗಬೇಕಾಯಿತು.

ಅಂಗಡಿಯಲ್ಲಿ ದಿನಕ್ಕೆ ಮೂವತ್ತು ಸಲ ನಾನೂ ಅದನ್ನೇ ಹೇಳುತ್ತೇನೆ. ಕನ್ನಡಕ ಸೊಟ್ಟಗಾಗಿದೆ ಎಂದು ಬಂದವರನ್ನು ಕೂರಿಸಿ, ಕಡ್ಡಿಯನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಬಗ್ಗಿಸಿ, ಹಾಕಿ ನೋಡಿ, ಮತ್ತೆ ತೆಗೆದು ಬಗ್ಗಿಸುತ್ತೇನೆ. ಹದಿನಾಲ್ಕು ವರ್ಷದಲ್ಲಿ ಒಬ್ಬರಿಗೂ ನಿಮ್ಮ ಕಿವಿಯನ್ನು ಸ್ವಲ್ಪ ಮೇಲೆ ಮಾಡಿಕೊಳ್ಳಿ ಎಂದು ಹೇಳಿಲ್ಲ. ಅಡ್ಜಸ್ಟ್ ಆಗಬೇಕಾದದ್ದು ಫ್ರೇಮು, ಮುಖವಲ್ಲ ಎಂದು ಅಂಗಡಿಯ ಯಜಮಾನರು ಮೊದಲ ದಿನವೇ ಕಲಿಸಿದ್ದರು.

ಅವರು ಕಲಿಸಿದ ಇನ್ನೊಂದು ಪಾಠ ನನ್ನನ್ನು ಹಾಳು ಮಾಡಿತು. ಹೇಗಾಯಿತು ಎಂದು ಗಿರಾಕಿಯನ್ನು ಕೇಳಬಾರದು. ಕೇಳಿದರೆ ಅವರಿಗೆ ಮುಜುಗರ, ಮತ್ತೆ ಬರುವುದಿಲ್ಲ. ಕೇಳುವ ಅಗತ್ಯವೂ ಇಲ್ಲ, ಫ್ರೇಮು ನೋಡಿದರೆ ತಿಳಿಯುತ್ತದೆ. ಅದರ ಮೇಲೆ ಯಾರೋ ಕೂತಿದ್ದರೆ ಎರಡೂ ಕಡ್ಡಿ ಹೊರಕ್ಕೆ ಅಗಲವಾಗಿರುತ್ತವೆ. ಕೈ ಜಾರಿ ಬಿದ್ದಿದ್ದರೆ ಗಾಜಿನ ಅಂಚು ಚಕ್ಕೆ ಎದ್ದಿರುತ್ತದೆ. ಮುಖದ ಮೇಲೆ ಇದ್ದಾಗಲೇ ಏಟು ಬಿದ್ದಿದ್ದರೆ ಒಂದೇ ಕಡೆಯ ಕಡ್ಡಿ ಒಳಕ್ಕೆ ಬಾಗಿ, ಅದೇ ಕಡೆ ಮೂಗಿಗೆ ಒರಗುವ ಬಿಲ್ಲೆ ನಜ್ಜಾಗಿರುತ್ತದೆ.

ಮದುವೆಯಾದ ಆರನೇ ತಿಂಗಳು ಗುಬ್ಬಿ ಮೊದಲ ಸಲ ಅಂಗಡಿಗೆ ಬಂದಳು. ಎಡಗಡೆಯ ಕಡ್ಡಿ ಒಳಕ್ಕೆ ಬಾಗಿತ್ತು. ‘ಹಾಸಿಗೆ ಕೆಳಗೆ ಸಿಕ್ಕಾಕ್ಕೊಂಡಿತ್ತು ಕಣೆ’ ಎಂದಳು. ನಾನು ಕೇಳಲಿಲ್ಲ. ಎರಡನೆಯ ಸಲ ಬಾಗಿಲು ಬಡಿಯಿತು ಎಂದಳು. ಮೂರನೆಯ ಸಲ ಕೂದಲನ್ನು ಕೆನ್ನೆಯ ಮೇಲೆ ಎಳೆದುಕೊಂಡು ಬಂದಿದ್ದಳು. ಮೂರು ಸಲವೂ ಗುರುತು ಸಿಗದ ಹಾಗೆ ನೆಟ್ಟಗೆ ಮಾಡಿ, ಒರೆಸಿ, ನಾನೇ ಅವಳ ಮೂಗಿನ ಮೇಲೆ ಕೂರಿಸಿ, ‘ಅಡ್ಜಸ್ಟ್ ಮಾಡಿದೀನಿ, ಹೋಗು’ ಎಂದೆ. ಒಡಹುಟ್ಟಿದವಳನ್ನು ಗಿರಾಕಿಯ ಹಾಗೆ ಸಾಗಹಾಕಿದೆ, ಅಮ್ಮ. ಆ ಮೇಷ್ಟ್ರಿಗೆ ನನ್ನಷ್ಟು ಉಪಕಾರ ಮಾಡಿದವರು ಬೇರೆ ಯಾರೂ ಇಲ್ಲ.

ಒಂಬತ್ತು ದಿನದ ಹಿಂದೆ ಬಂದಾಗ ಅವಳ ಮುಖದ ಮೇಲೆ ಕನ್ನಡಕವೇ ಇರಲಿಲ್ಲ. ಗಾಜು ಹುಬ್ಬಿನೊಳಕ್ಕೆ ಹೋಗಿತ್ತು. ಐದು ಹೊಲಿಗೆ ಬಿತ್ತು. ಒಂದು ಬೆರಳಿನಷ್ಟು ಕೆಳಗೆ ತಗುಲಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ನಿನ್ನ ಕಾಗದದಲ್ಲಿ ಇದಕ್ಕೆ ಸಣ್ಣಪುಟ್ಟ ಮಾತು ಎಂದು ಹೆಸರು.

ಅವಳನ್ನು ಕಳಿಸುವುದಿಲ್ಲ. ಈ ಶನಿವಾರವೂ ಇಲ್ಲ, ಯಾವ ಶನಿವಾರವೂ ಇಲ್ಲ. ಭಾನುವಾರ ಬಂದ ಅಳಿಯಂದಿರಿಗೆ ಕಾಫಿ ಕೊಟ್ಟು ಬಾಗಿಲು ಹಾಕಿಕೊ. ಇಲ್ಲಿಗೆ ಬರುವ ಯೋಚನೆ ಅವರಿಗಿದ್ದರೆ, ಡಾಕ್ಟರ ಚೀಟಿ ಪೊಲೀಸರ ಕೈ ಸೇರಿದೆ ಎಂದು ತಿಳಿಸು. ಗುಬ್ಬಿಯೇ ಕೈಯಾರೆ ಕೊಟ್ಟಳು. ಜನ ಆಡಿಕೊಂಡರೆ ಆಡಿಕೊಳ್ಳಲಿ. ಆಡಿ ಆಡಿ ಅವರ ಬಾಯೇ ನೋಯುತ್ತದೆ.

ಮಾತು ಒರಟಾಗಿದೆ, ಗೊತ್ತು. ತಿದ್ದಿ ಬರೆಯುವ ಮನಸ್ಸಿಲ್ಲ. ಮೊಣಕಾಲಿನ ಮಾತ್ರೆ ಬಿಡದೆ ತೆಗೆದುಕೊ.

ಇಂತಿ,
ನಿನ್ನ ದೊಡ್ಡ ಮಗಳು

ಬರೆಯಬಾರದು ಎಂದುಕೊಂಡಿದ್ದು: ಇದೆಲ್ಲ ನಿನಗೆ ಹೊಸದು ಎನ್ನುವಂತೆ ಬರೆದೆ, ನಿನ್ನ ಮುಖ ಉಳಿಯಲಿ ಎಂದು. ಆದರೆ ನಿನ್ನೆ ನಿನ್ನ ಕಾಗದ ಓದಿ ಹೇಳಿದಾಗ ಗುಬ್ಬಿ ಬಾಯಿಬಿಟ್ಟಳು. ಮೊದಲ ಏಟು ಬಿದ್ದ ದಿನ ಅವಳು ಓಡಿ ಬಂದದ್ದು ನನ್ನ ಅಂಗಡಿಗಲ್ಲ, ನಿನ್ನ ಮನೆಗೆ. ಮುಖ ತೊಳೆಸಿ, ತಲೆ ಬಾಚಿ, ಬಸ್ಸು ಹತ್ತಿಸಿದವಳು ನೀನು. ‘ಅಕ್ಕನ ಹತ್ರ ಹೋಗು, ನೆಟ್ಟಗೆ ಮಾಡಿಕೊಡ್ತಾಳೆ. ಅವಳು ಏನೂ ಕೇಳಲ್ಲ’ ಎಂದೆಯಂತೆ.