ಬಾಯಮ್ಮನ ಹರಕೆಗೆ ನನ್ನ ಕಾಲು

ಸವಣೂರು
ಜನವರಿ 29

ಪ್ರೀತಿಯ ಮಗಳು ರಮ್ಲತ್‌ಗೆ ಉಪ್ಪನ ಸಲಾಂ.

ನೀನು, ಅಳಿಯ, ಮಗು ಕ್ಷೇಮವೇ? ಮಗುವಿನ ಶೀತ ಹೋಯಿತೇ? ಶಾರ್ಜಾದ ಎ.ಸಿ.ಗೆ ನನ್ನ ಮೊಮ್ಮಗನ ಮೇಲೆ ಎಂತ ಸಿಟ್ಟೋ ಗೊತ್ತಿಲ್ಲ. ನಿನ್ನ ಉಮ್ಮ ಆರಾಮ. ಅಂಗಾಲಿನ ಗುಳ್ಳೆಗಳನ್ನು ಬಿಟ್ಟರೆ ನಾನೂ ಆರಾಮ. ವಾಟ್ಸಪ್ಪಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ನಗುವ ಗೊಂಬೆ ಕಳಿಸುತ್ತೀ. ಅದಕ್ಕೇ ಕಾಗದ ಬರೆದು, ನಾಳೆ ವಿಮಾನ ಹತ್ತುವ ಆಶಿಕ್‌ನ ಕೈಯಲ್ಲಿ ಕೊಡುತ್ತಿದ್ದೇನೆ.

ನಾನು ಕ್ರಿಶ್ಚಿಯನ್ನರ ಕಾಲ್ನಡಿಗೆ ಯಾತ್ರೆಗೆ ಹೋಗಿ ಬಂದೆ. ನಗಬೇಡ. ಕಳೆದ ವರ್ಷ ನಿನ್ನ ಮಗು ಏಳನೇ ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ಪಕ್ಕದ ಮನೆಯ ಸೆವ್ರಿನ್ ಬಾಯಮ್ಮ ಕಾರ್ಕಳದ ಅತ್ತೂರು ಇಗರ್ಜಿಗೆ ನಡೆದೇ ಬರುತ್ತೇನೆಂದು ಹರಕೆ ಹೇಳಿದ್ದರು. ಮಗು ಉಳಿಯಿತು; ಬಾಯಮ್ಮನ ಮೊಣಕಾಲು ಹೋಯಿತು. ಡಾಕ್ಟರು ಆಪರೇಷನ್ ಎಂದರೆ, "ಹರಕೆ ತೀರದೆ ಕಾಲು ಕೊಯ್ಯಲಿಕ್ಕೆ ಬಿಡುದಿಲ್ಲ. ಮಗುವಿಗೆ ಏನಾದ್ರೂ ಆದ್ರೆ?" ಎಂದು ಹಟ. ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಹೆಂಗಸು ಕಾರ್ಕಳದವರೆಗೆ ನಡೆಯುವುದುಂಟೇ? ನಾನು ಹೋಗುತ್ತೇನೆ ಎಂದೆ. "ನಿಮ್ಮ ಕಾಲು, ನನ್ನ ಹರಕೆ. ಲೆಕ್ಕಕ್ಕೆ ಬರ್ತದಾ ಬ್ಯಾರಿಗಳೇ?" ಎಂದು ಕೇಳಿದರು. ಲೆಕ್ಕ ನನಗೆ ಬಿಡಿ ಎಂದೆ. ಒಣಮೀನಿನ ಬುಟ್ಟಿ ಹೊತ್ತು ಊರೂರು ಸುತ್ತಿ ಅಂಗಡಿ ಮಾಡಿದ ಕಾಲುಗಳಿವು.

ನೆಟ್ಟಣದಿಂದ ಹೊರಟ ಗುಂಪನ್ನು ಪೆರಾಬೆಯಲ್ಲಿ ಸೇರಿಕೊಂಡೆ. ಅವರು ಜಪಸರ ಹಿಡಿದಾಗ ನಾನು ಹಿಂದೆ ಉಳಿಯುತ್ತಿದ್ದೆ. ನಾನು ನಮಾಜಿಗೆ ನಿಂತಾಗ ಅವರು ಕಾಯುತ್ತಿದ್ದರು. ಗಂಜಿಗೆ ಅಕ್ಕಿ ಹಾಕುವ ಅಳತೆ ಮಾತ್ರ ಅವರಿಗೆ ತಿಳಿಯದು. ಆ ಖಾತೆ ಬೇಗನೆ ನನ್ನ ಕೈಗೆ ಬಂತು. ಮೊದಲ ಸಂಜೆ ಪ್ರಾರ್ಥನೆ ಮುಗಿದದ್ದೇ ಪ್ರಾಯದ ಹುಡುಗ ಹುಡುಗಿಯರು ಕೈಮುಗಿದು ನನ್ನ ಮುಂದೆ ಸಾಲು ನಿಂತು "ಬೆಸಾಂವ್ ದಿಯಾ" ಎಂದರು. ದಿಯಾ ಎಂದರೆ ಕೊಡಿ ಎಂಬಷ್ಟು ಕೊಂಕಣಿಯನ್ನು ವ್ಯಾಪಾರ ಕಲಿಸಿದೆ. ಪೆರ್ನಾಲ್ ಹಬ್ಬಕ್ಕೆ ನಮ್ಮ ಮಕ್ಕಳು ಹೀಗೇ ಕೈಯೊಡ್ಡುವುದಲ್ಲವೇ? ಜೇಬಿನಲ್ಲಿದ್ದ ನೆಲಗಡಲೆ ಚಿಕ್ಕಿ ಮುರಿದು ಹಂಚಿದೆ. "ಕಾಕ, ಚಿಕ್ಕಿ ಅಲ್ಲ ಮಾರಾಯ್ರೆ, ಆಶೀರ್ವಾದ! ಇಲ್ಲಿ ದೊಡ್ಡವರು ನೀವಲ್ವಾ?" ಎಂದು ನಕ್ಕರು. ಚಿಕ್ಕಿಯನ್ನೇನೂ ಯಾರೂ ವಾಪಸು ಕೊಡಲಿಲ್ಲ. ಕೈಯೆತ್ತಿ ಒಬ್ಬೊಬ್ಬರಿಗೂ "ಅಲ್ಲಾಹು ಬರ್ಕತ್ ಕೊಡಲಿ" ಎಂದೆ. ಉಳಿದ ಸಂಜೆಗಳಲ್ಲೂ ಬಂದರು.

ನಿನ್ನೆ ಇದನ್ನು ಹೇಳಿದಾಗ ಬಾಯಮ್ಮ ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾವು ಬೆಸಾಂವ್ ಕೇಳುದು ಮನೆಯ ಹಿರಿಯರ ಹತ್ರ, ದಾರಿಹೋಕರ ಹತ್ರ ಅಲ್ಲ. ನೀವು ಮನೆಯವರಾಗಿಯೇ ನಡೆದದ್ದು. ಆಯ್ತು, ಹರಕೆ ತೀರಿತು" ಎಂದರು. ಇಂದು ಬೆಳಿಗ್ಗೆಯೇ ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಿರಾಕಿ ಒಪ್ಪಿದ ಮೇಲೆ ಯೋಚಿಸಲು ಸಮಯ ಕೊಡಬಾರದು.

ಅಳಿಯನಿಗೆ ಸಲಾಂ, ಮೊಮ್ಮಗನಿಗೆ ಮುತ್ತು. ಸೃಷ್ಟಿಸಿದವನು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಉಪ್ಪ,
ಅಲಿ ಕುಂಞಿ

ಮರೆತಿದ್ದೆ: ಆಪರೇಷನ್ ಬರುವ ತಿಂಗಳ ಹತ್ತಕ್ಕೆ. ಬಾಯಮ್ಮನಿಗೆ ತನ್ನವರೆಂದು ಯಾರೂ ಇಲ್ಲದ್ದು ನಿನಗೆ ಗೊತ್ತು. ಆಸ್ಪತ್ರೆಯಲ್ಲಿ ಜೊತೆಗೆ ನಿಲ್ಲುವವರು ಯಾರೆಂದು ನರ್ಸ್ ಕೇಳಿದಳು. "ಮಗಳು ರಮ್ಲತ್, ಶಾರ್ಜಾದಿಂದ ಬರ್ತಾಳೆ" ಎಂದು ನಾನೇ ಬರೆಸಿದೆ. ಬಾಯಮ್ಮ ತಿದ್ದಲಿಲ್ಲ. ಟಿಕೆಟು ನೋಡು.